ಎಂಜಿನಿನ ಇಂದ್ರಿಯಗಳು

ಬೆಳಗಾವಿ ಜಿಲ್ಲೆಯ ಉತ್ತರದ ಅಂಚಿನಲ್ಲಿ, ಮಹಾರಾಷ್ಟ್ರದ ಗಡಿಗೆ ಹೊಂದಿಕೊಂಡು ಕಾಗವಾಡ ತಾಲ್ಲೂಕು ಇದೆ. ಮೀರಜಿನಿಂದ ಬೆಳಗಾವಿಯ ಕಡೆಗೆ ಸಾಗುವ ರೈಲುಮಾರ್ಗದಲ್ಲಿ ಈ ತಾಲ್ಲೂಕಿಗೆ ಸೇರಿದ ಶೇಡಬಾಳ ಎಂಬ ಊರು ಸಿಗುತ್ತದೆ. ಸುತ್ತಲೂ ಕೃಷ್ಣೆಯ ನೀರುಂಡು ಬೆಳೆದ ಕಬ್ಬಿನ ಹೊಲಗಳು. ನೆರೆಯ ಉಗಾರದಲ್ಲಿ ಸಕ್ಕರೆ ಕಾರ್ಖಾನೆ. ಒಂದು ಕಾಲಕ್ಕೆ ಚಕ್ಕಡಿಯನ್ನೇ ನಂಬಿದ್ದ ಈ ಭಾಗದ ಮನೆಗಳ ಮುಂದೆ ಇಂದು ಟ್ರ್ಯಾಕ್ಟರು, ಮೋಟಾರು ಸೈಕಲ್ಲುಗಳ ಜೊತೆಗೆ ಕಾರುಗಳೂ ನಿಂತಿರುತ್ತವೆ. ಹದಿನೈದು ಇಪ್ಪತ್ತು ವರ್ಷ ದುಡಿದು, ಒಬ್ಬರಿಂದ ಒಬ್ಬರಿಗೆ ಕೈ ಬದಲಿಸಿ ಬಂದ ಹಳೆಯ ಕಾರುಗಳೂ ಅವುಗಳಲ್ಲಿ ಇವೆ. ಅಂತಹ ಕಾರು ಅದರ ಒಡೆಯನಿಗೆ ಮೆರೆಯುವ ವಸ್ತುವಲ್ಲ. ಮನೆಯಲ್ಲಿ ಯಾರಿಗಾದರೂ ಕಾಯಿಲೆ ಬಿಗಡಾಯಿಸಿದಾಗ ಗಡಿಯಾಚೆಯ ಮೀರಜಿನ ಆಸ್ಪತ್ರೆಯನ್ನು ಮುಟ್ಟಿಸುವುದು ಅದೇ. ನಡುರಾತ್ರಿಯಲ್ಲಿ ಅದು ಚಾಲೂ ಆಗದೆ ಹೋದರೆ, ಅಥವಾ ಅರ್ಧ ದಾರಿಯಲ್ಲಿ ನಿಂತುಬಿಟ್ಟರೆ, ಆ ಕುಟುಂಬಕ್ಕೆ ಒದಗುವ ಕಷ್ಟವು ಹಣದ ಲೆಕ್ಕವನ್ನು ಮೀರಿದ್ದು.

ಕಾರು ಹೀಗೆ ಕೈಕೊಟ್ಟಾಗ ಒಡೆಯನು ಗ್ಯಾರೇಜಿಗೆ ಹೋಗುತ್ತಾನೆ. “ಸೆನ್ಸರ್ ಹೋಗಿದೆ” ಎಂಬ ಮಾತು ಅಲ್ಲಿ ಇಂದು ಬಹಳವಾಗಿ ಕೇಳಿಬರುತ್ತದೆ. ಒಂದನ್ನು ಬದಲಾಯಿಸಲಾಗುತ್ತದೆ, ದೋಷ ಹೋಗುವುದಿಲ್ಲ. ಮತ್ತೊಂದನ್ನು ಬದಲಾಯಿಸಲಾಗುತ್ತದೆ; ಆಗಲೂ ಹೋಗುವುದಿಲ್ಲ. ಹಲವು ಸಾವಿರ ರೂಪಾಯಿಗಳು ಕರಗಿದ ಮೇಲೆ, ಎಲ್ಲೋ ಒಂದು ತಂತಿ ತುಂಡಾಗಿತ್ತೆಂದು ತಿಳಿದುಬರುತ್ತದೆ. ಈ ನಷ್ಟಕ್ಕೆ ಕಾರಣ ಯಂತ್ರದ ಕೇಡಿಗಿಂತ ಹೆಚ್ಚಾಗಿ ವಿಚಾರದ ಕೊರತೆ. ಸೆನ್ಸರ್ ಎಂದರೇನು, ಅದು ಏನನ್ನು ಹೇಳಬಲ್ಲದು, ಅದರ ಮಾತನ್ನು ಹೇಗೆ ಪರೀಕ್ಷಿಸಬೇಕು ಎಂಬುದನ್ನು ಅರಿತವರು ಈ ನಷ್ಟದಿಂದ ಪಾರಾಗಬಲ್ಲರು.

೧೯೮೩ರ ಡಿಸೆಂಬರಿನಲ್ಲಿ ಮಾರುತಿ ೮೦೦ ಕಾರು ಭಾರತದ ರಸ್ತೆಗಿಳಿದಾಗ ಅದರ ಎಂಜಿನಿಗೆ ಪೆಟ್ರೋಲನ್ನು ಉಣಿಸುತ್ತಿದ್ದುದು ಕಾರ್ಬೊರೇಟರು. ಒಳಗೆ ಹರಿಯುವ ಗಾಳಿಯ ಸೆಳೆತಕ್ಕೆ ಸಣ್ಣ ರಂಧ್ರದಿಂದ ಪೆಟ್ರೋಲು ತುಂತುರಾಗಿ ಬೆರೆಯುವಂತೆ ಮಾಡುವ ಸರಳ ಸಾಧನವದು. ಗಾಳಿ ಬಿಸಿಯಾಗಿದೆಯೇ ತಂಪಾಗಿದೆಯೇ, ಉರಿದ ಹೊಗೆಯಲ್ಲಿ ಏನು ಉಳಿದಿದೆ ಎಂಬುದನ್ನು ಅದು ಅಳೆಯುತ್ತಿರಲಿಲ್ಲ. ಎಂಜಿನಿನ ಸದ್ದನ್ನು ಆಲಿಸಿ, ಹೊಗೆಯ ಬಣ್ಣವನ್ನು ನೋಡಿ, ತಿರುಪನ್ನು ತಿರುಗಿಸಿ ಹದ ಮಾಡುವ ಕೆಲಸ ಮೆಕ್ಯಾನಿಕನದಾಗಿತ್ತು. ಅವನ ಕಣ್ಣು, ಕಿವಿ, ಮೂಗುಗಳೇ ಎಂಜಿನಿನ ಇಂದ್ರಿಯಗಳಾಗಿದ್ದವು.

ಆದರೆ ಹದ ತಪ್ಪಿದ ಎಂಜಿನುಗಳ ಹೊಗೆ ನಗರಗಳ ಗಾಳಿಯನ್ನು ಕೆಡಿಸಿತು. ೨೦೦೦ನೆಯ ಇಸವಿಯ ಫೆಬ್ರವರಿ ೧ರಿಂದ ದೇಶದಾದ್ಯಂತ ಸೀಸರಹಿತ ಪೆಟ್ರೋಲು ಜಾರಿಗೆ ಬಂದಿತು. ಅದೇ ವರ್ಷ ಹೊಸ ವಾಹನಗಳ ಹೊಗೆಗೆ ಬಿಗಿಯಾದ ಮಿತಿಗಳನ್ನು ವಿಧಿಸಲಾಯಿತು. ಇವನ್ನು ಪಾಲಿಸುವುದು ಕಾರ್ಬೊರೇಟರಿಗೆ ಕಷ್ಟವಾಯಿತು. ಹೀಗಾಗಿ ವಿದ್ಯುನ್ಮಾನ ನಿಯಂತ್ರಣದಿಂದ ಪೆಟ್ರೋಲನ್ನು ಸಿಂಪಡಿಸುವ ವ್ಯವಸ್ಥೆ ಸಾಮಾನ್ಯ ಜನರ ಕಾರುಗಳಿಗೂ ಬಂದಿತು. ಎಂ.ಪಿ.ಎಫ್.ಐ. ಎಂದು ಜನರು ಕರೆಯುವುದು ಇದನ್ನೇ. ಜರ್ಮನಿಯ ಬಾಷ್ ಸಂಸ್ಥೆಯು ೧೯೬೭ರಲ್ಲಿಯೇ ಫೋಕ್ಸ್‌ವಾಗನ್ ಕಾರುಗಳಿಗೆ ಇಂತಹ ವ್ಯವಸ್ಥೆಯನ್ನು ಒದಗಿಸಿತ್ತು. ಕನ್ನಡಿಗರಿಗೆ ‘ಮೈಕೋ’ ಎಂಬ ಹೆಸರಿನಿಂದ ಪರಿಚಿತವಾಗಿದ್ದ, ಸ್ಪಾರ್ಕ್ ಪ್ಲಗ್ಗುಗಳಿಗೆ ಹೆಸರಾಗಿದ್ದ ಬೆಂಗಳೂರಿನ ಕಾರ್ಖಾನೆಯು ಇದೇ ಬಾಷ್ ಬಳಗಕ್ಕೆ ಸೇರಿದ್ದು.

ಹೊಸ ವ್ಯವಸ್ಥೆಯಲ್ಲಿ ಎಂಜಿನಿಗೆ ಒಂದು ಮಿದುಳಿದೆ. ಗ್ಯಾರೇಜುಗಳಲ್ಲಿ ಇದಕ್ಕೆ ಇ.ಸಿ.ಎಂ. ಎನ್ನುತ್ತಾರೆ, ಇದನ್ನು ನಿಯಂತ್ರಕ ಪೆಟ್ಟಿಗೆ ಎಂದು ಕರೆಯಬಹುದು. ಒಂದು ಪಾಲು ಪೆಟ್ರೋಲು ಪೂರ್ತಿಯಾಗಿ ಉರಿಯಲು ತೂಕದಲ್ಲಿ ಸುಮಾರು ೧೪.೭ ಪಾಲು ಗಾಳಿ ಬೇಕು. ಈ ಹದವನ್ನು ಕ್ಷಣಕ್ಷಣವೂ ಕಾಯುವುದು ಪೆಟ್ಟಿಗೆಯ ಕರ್ತವ್ಯ. ಆದರೆ ಕತ್ತಲ ಕೋಣೆಯಲ್ಲಿ ಕುಳಿತ ಕರಣಿಕನಂತೆ, ಅದು ಹೊರಗಿನ ಯಾವುದನ್ನೂ ತಾನಾಗಿ ಕಾಣಲಾರದು. ಅದಕ್ಕೆ ಸುದ್ದಿ ತಂದುಕೊಡುವ ಇಂದ್ರಿಯಗಳೇ ಸಂವೇದಕಗಳು, ಅಂದರೆ ಸೆನ್ಸರುಗಳು. ಉಷ್ಣತೆ, ಒತ್ತಡ, ಚಲನೆ ಮೊದಲಾದವುಗಳನ್ನು ಅವು ವಿದ್ಯುತ್ ಸಂಕೇತಗಳನ್ನಾಗಿ ಮಾರ್ಪಡಿಸುತ್ತವೆ.

ಇವುಗಳಲ್ಲಿ ಅತ್ಯಂತ ಸರಳವಾದುದು ಎಂಜಿನನ್ನು ತಂಪಾಗಿಡುವ ನೀರಿನ ಉಷ್ಣತೆಯನ್ನು ತಿಳಿಸುವ ಸಂವೇದಕ. ಲೋಹದ ತಂತಿ ಬಿಸಿಯಾದರೆ ಅದರ ವಿದ್ಯುತ್ ರೋಧ ಹೆಚ್ಚುತ್ತದೆ. ಆದರೆ ಕೆಲವು ವಸ್ತುಗಳ ರೋಧವು ಬಿಸಿಯಾದಷ್ಟೂ ಇಳಿಯುತ್ತದೆ. ೧೮೩೩ರಲ್ಲಿ ಮೈಕೇಲ್ ಫ್ಯಾರಡೆಯು ಬೆಳ್ಳಿಯ ಸಲ್ಫೈಡಿನಲ್ಲಿ ಈ ವಿಚಿತ್ರ ಗುಣವನ್ನು ಗುರುತಿಸಿದನು. ಸಂವೇದಕದ ಹಿತ್ತಾಳೆಯ ಕವಚದೊಳಗೆ ಅಂತಹ ಗುಣವುಳ್ಳ ಒಂದು ಸಣ್ಣ ಮಣಿಯಿರುತ್ತದೆ. ಸಾಮಾನ್ಯವಾಗಿ ೨೦ ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದರ ರೋಧ ಎರಡರಿಂದ ಮೂರು ಸಾವಿರ ಓಮ್‌ಗಳಷ್ಟು. ೮೦ ಡಿಗ್ರಿಯಲ್ಲಿ ಅದು ಸುಮಾರು ಮುನ್ನೂರು ಓಮ್‌ಗಳಿಗೆ ಇಳಿಯುತ್ತದೆ. ಪೆಟ್ಟಿಗೆಯು ೫ ವೋಲ್ಟ್ ವಿದ್ಯುತ್ತನ್ನು ತನ್ನೊಳಗಿನ ಒಂದು ಸ್ಥಿರ ರೋಧಕದ ಮೂಲಕ ಅದಕ್ಕೆ ಕಳುಹಿಸಿ, ಸಂವೇದಕದ ತುದಿಗಳ ನಡುವೆ ಎಷ್ಟು ವೋಲ್ಟ್ ಇದೆಯೆಂಬುದರಿಂದ ಉಷ್ಣತೆಯನ್ನು ಗ್ರಹಿಸುತ್ತದೆ.

ಕ್ರ್ಯಾಂಕ್ ದಂಡದ ಸಂವೇದಕವು ಫ್ಯಾರಡೆಯ ಮತ್ತೊಂದು ಶೋಧವನ್ನು ಆಧರಿಸಿದೆ. ಸುರುಳಿಯ ಬಳಿ ಕಾಂತಕ್ಷೇತ್ರ ಬದಲಾದರೆ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆಂಬುದನ್ನು ಅವನು ೧೮೩೧ರಲ್ಲಿ ತೋರಿಸಿದ್ದನು. ಹಲವು ಎಂಜಿನುಗಳಲ್ಲಿ ಅರವತ್ತು ಹಲ್ಲುಗಳಿರಬೇಕಾದ ಚಕ್ರದಲ್ಲಿ ಎರಡನ್ನು ಬಿಟ್ಟು ಐವತ್ತೆಂಟನ್ನು ಮಾತ್ರ ಕೊರೆದಿರುತ್ತಾರೆ. ಪ್ರತಿಯೊಂದು ಹಲ್ಲು ಸಂವೇದಕದ ಮುಂದೆ ಹಾಯುವಾಗಲೂ ಅದರ ಸುರುಳಿಯಲ್ಲಿ ವಿದ್ಯುತ್ತಿನ ಒಂದು ಮಿಡಿತ ಹುಟ್ಟುತ್ತದೆ. ಜಪಮಾಲೆಯ ಮೇರುಮಣಿ ಬೆರಳಿಗೆ ತಾಗಿದಾಗ ಒಂದು ಸುತ್ತು ಮುಗಿಯಿತೆಂದು ತಿಳಿಯುವಂತೆ, ಹಲ್ಲಿಲ್ಲದ ಜಾಗ ಬಂದಾಗ ದಂಡವು ಎಲ್ಲಿದೆಯೆಂಬುದು ಪೆಟ್ಟಿಗೆಗೆ ತಿಳಿಯುತ್ತದೆ. ಈ ಸುದ್ದಿ ನಿಂತರೆ ಕಿಡಿಯೂ ಇಲ್ಲ, ಪೆಟ್ರೋಲೂ ಇಲ್ಲ, ಎಂಜಿನು ನಿಲ್ಲುತ್ತದೆ.

ಎಂಜಿನಿನ ಒಳಹೋಗುವ ಗಾಳಿಯ ಒತ್ತಡವನ್ನು ಅಳೆಯುವ ಸಂವೇದಕವೂ, ಕಾಲಿನಿಂದ ಒತ್ತುವ ಪೆಡಲಿಗೆ ತಕ್ಕಂತೆ ಗಾಳಿಯ ಬಾಗಿಲು ಎಷ್ಟು ತೆರೆದಿದೆಯೆಂದು ಹೇಳುವ ಸಂವೇದಕವೂ ಇನ್ನೆರಡು ಇಂದ್ರಿಯಗಳು. ಸೈಲೆನ್ಸರಿಗೆ ಹೋಗುವ ಕೊಳವೆಯಲ್ಲಿ ಕುಳಿತ ಆಮ್ಲಜನಕ ಸಂವೇದಕವನ್ನು ಎಂಜಿನಿನ ಮೂಗು ಎನ್ನಬಹುದು. ೧೯೭೬ರಲ್ಲಿ ವೋಲ್ವೋ ಕಾರುಗಳ ಮೂಲಕ ಬಳಕೆಗೆ ಬಂದ ಇದರ ತುದಿಯಲ್ಲಿ ಜಿರ್ಕೋನಿಯದ ಸಣ್ಣ ಟೋಪಿಯಿದೆ. ಮುನ್ನೂರು ಡಿಗ್ರಿಗಿಂತ ಹೆಚ್ಚು ಕಾದಾಗ ಅದು, ಹೊರಗಿನ ಗಾಳಿಗೂ ಒಳಗಿನ ಹೊಗೆಗೂ ಆಮ್ಲಜನಕದಲ್ಲಿರುವ ವ್ಯತ್ಯಾಸವನ್ನು ಅನುಸರಿಸಿ ವಿದ್ಯುತ್ತನ್ನು ಉಂಟುಮಾಡುತ್ತದೆ. ಪೆಟ್ರೋಲು ಹೆಚ್ಚಾಗಿದ್ದರೆ ಸುಮಾರು ೦.೯ ವೋಲ್ಟ್; ಗಾಳಿ ಹೆಚ್ಚಾಗಿದ್ದರೆ ಸುಮಾರು ೦.೧ ವೋಲ್ಟ್. ಆರೋಗ್ಯವಾಗಿರುವ ಎಂಜಿನಿನಲ್ಲಿ ಈ ಅಂಕಿ ತಕ್ಕಡಿಯ ಮುಳ್ಳಿನಂತೆ ಮೇಲಕ್ಕೂ ಕೆಳಕ್ಕೂ ತೂಗುತ್ತಿರುತ್ತದೆ.

ಯಾವುದಾದರೂ ಸುದ್ದಿ ಅಸಂಬದ್ಧವೆನಿಸಿದಾಗ ನಿಯಂತ್ರಕ ಪೆಟ್ಟಿಗೆಯು ಚಾಲಕನ ಮುಂದಿನ ಫಲಕದಲ್ಲಿ ಎಂಜಿನಿನ ಆಕಾರದ ಹಳದಿ ದೀಪವನ್ನು ಹೊತ್ತಿಸುತ್ತದೆ; ದೋಷದ ಸಂಖ್ಯೆಯೊಂದನ್ನು ನೆನಪಿನಲ್ಲಿಡುತ್ತದೆ. ಹಳೆಯ ಕೆಲವು ಕಾರುಗಳಲ್ಲಿ ತಪಾಸಣೆಯ ಕಪ್ಲರಿನ ಗೊತ್ತಾದ ಎರಡು ತುದಿಗಳನ್ನು ತಂತಿಯಿಂದ ಜೋಡಿಸಿದರೆ ಆ ದೀಪವೇ ಮಿನುಗಿ ಸಂಖ್ಯೆಯನ್ನು ಹೇಳುತ್ತದೆ. ಒಮ್ಮೆ ಮಿನುಗಿ, ತುಸು ನಿಂತು, ನಾಲ್ಕು ಬಾರಿ ಮಿನುಗಿದರೆ ಅದು ೧೪. ಅದರ ಅರ್ಥವನ್ನು ಆ ಕಾರಿನ ಕೈಪಿಡಿಯಲ್ಲಿ ನೋಡಬೇಕು. ಅಮೆರಿಕದಲ್ಲಿ ೧೯೯೬ರಿಂದ, ಭಾರತದಲ್ಲಿ ೨೦೧೩ರಿಂದ ಹೊಸ ಕಾರುಗಳಿಗೆ ಕಡ್ಡಾಯವಾದ ವ್ಯವಸ್ಥೆಯಲ್ಲಿ ಹದಿನಾರು ತುದಿಗಳ ಕಪ್ಲರಿಗೆ ಸಣ್ಣ ಯಂತ್ರವೊಂದನ್ನು ಸಿಕ್ಕಿಸಿ ಸಂಖ್ಯೆಯನ್ನು ಓದಬಹುದು. ಸಂವೇದಕಗಳು ಆ ಕ್ಷಣದಲ್ಲಿ ಹೇಳುತ್ತಿರುವ ಅಂಕಿಗಳನ್ನೂ ನೋಡಬಹುದು.

ಬಹುಮಂದಿ ಎಡವುವುದು ಇಲ್ಲಿಯೇ. ಉದಾಹರಣೆಗೆ ‘ಪಿ ೦೧೧೮’ ಎಂಬ ಸಂಖ್ಯೆ ಬಂದರೆ, ನೀರಿನ ಉಷ್ಣತೆಯ ಸಂವೇದಕ ಕೆಟ್ಟಿದೆ ಎಂದು ಅವರು ಓದಿಕೊಳ್ಳುತ್ತಾರೆ. ವಾಸ್ತವವಾಗಿ ಆ ಸಂಖ್ಯೆ ಹೇಳುವುದು, ಉಷ್ಣತೆಯ ಮಂಡಲದಲ್ಲಿ ವೋಲ್ಟ್ ಮಿತಿಯನ್ನು ಮೀರಿದೆ ಎಂದಷ್ಟೇ. ಮಂಡಲವೆಂದರೆ ಸಂವೇದಕ, ಕಪ್ಲರು, ತಂತಿಗಳು, ಅರ್ಥಿಂಗ್ ಮತ್ತು ಪೆಟ್ಟಿಗೆ ಇವೆಲ್ಲವೂ ಸೇರಿದ ದಾರಿ. ಆ ದಾರಿಯಲ್ಲಿ ಎಲ್ಲಿ ತೊಡಕಾದರೂ ಬರುವ ಸಂಖ್ಯೆ ಅದೇ. ದೂರು ಬಂದ ಮಾತ್ರಕ್ಕೆ ಅಪರಾಧಿ ಯಾರೆಂದು ನಿರ್ಣಯವಾಗುವುದಿಲ್ಲ.

ಶೇಡಬಾಳವು ಜೈನಮುನಿ ಆಚಾರ್ಯ ವಿದ್ಯಾನಂದರ (೧೯೨೫–೨೦೧೯) ಜನ್ಮಸ್ಥಳ. ಜೈನ ದರ್ಶನದ ಅನೇಕಾಂತವಾದವನ್ನು ವಿವರಿಸುವಾಗ ಕುರುಡರು ಆನೆಯನ್ನು ಮುಟ್ಟಿ ನೋಡಿದ ಕಥೆಯನ್ನು ಹೇಳುವುದುಂಟು. ಕಾಲನ್ನು ಮುಟ್ಟಿದವನು ಆನೆ ಕಂಬದಂತಿದೆಯೆಂದನು. ಕಿವಿಯನ್ನು ಮುಟ್ಟಿದವನು ಮೊರದಂತಿದೆಯೆಂದನು. ಯಾರೂ ಸುಳ್ಳು ಹೇಳಲಿಲ್ಲ; ಆದರೆ ಯಾರೂ ಆನೆಯನ್ನು ಪೂರ್ತಿಯಾಗಿ ಅರಿಯಲಿಲ್ಲ. ಎಂಜಿನಿನ ಸಂವೇದಕಗಳ ಮಾತನ್ನೂ ಹೀಗೆಯೇ ತಿಳಿಯಬೇಕು. ಒಂದರ ಮಾತನ್ನು ಇನ್ನೊಂದರ ಮಾತಿನೊಡನೆ ಹೋಲಿಸಿ, ಅಳತೆಯಿಂದ ಪರೀಕ್ಷಿಸಿದ ಬಳಿಕವೇ ತೀರ್ಮಾನಕ್ಕೆ ಬರಬೇಕು.

ಹಳೆಯ ಕಾರೊಂದು ಇದ್ದಕ್ಕಿದ್ದಂತೆ ಪೆಟ್ರೋಲನ್ನು ಹೆಚ್ಚಾಗಿ ಕುಡಿಯತೊಡಗಿ, ಕಪ್ಪು ಹೊಗೆಯನ್ನು ಉಗುಳುತ್ತಿದೆಯೆಂದು ಭಾವಿಸಬಹುದು. ಎಂಜಿನು ಬಿಸಿಯಾಗಿದ್ದರೂ ತಂಪಾಗಿದೆಯೆಂಬ ಸುದ್ದಿ ಪೆಟ್ಟಿಗೆಗೆ ಹೋಗುತ್ತಿದ್ದರೆ ಹೀಗಾಗುತ್ತದೆ. ಮೊದಲ ಪರೀಕ್ಷೆಗೆ ಕಾಸಿನ ಖರ್ಚೂ ಇಲ್ಲ. ರಾತ್ರಿಯೆಲ್ಲ ನಿಂತ ಕಾರಿನ ನೀರು, ಒಳಹೋಗುವ ಗಾಳಿ, ಹೊರಗಿನ ವಾತಾವರಣ ಮೂರೂ ಬೆಳಗಿನ ಹೊತ್ತು ಹೆಚ್ಚುಕಡಿಮೆ ಒಂದೇ ಉಷ್ಣತೆಯಲ್ಲಿರುತ್ತವೆ. ಮಾಗಿಯ ಬೆಳಗಿನಲ್ಲಿ ಗಾಳಿಯ ಸಂವೇದಕವು ೧೬ ಡಿಗ್ರಿ ಎನ್ನುತ್ತಿರುವಾಗ ನೀರಿನ ಸಂವೇದಕವು ಮೈನಸ್ ೪೦ ಎಂದರೆ ಎರಡನೆಯದರ ಮಂಡಲದಲ್ಲಿ ದೋಷವಿದೆ ಎಂಬುದು ಖಚಿತ. ಶೇಡಬಾಳದಲ್ಲಿ ಅಂತಹ ಚಳಿ ಎಂದೂ ಬೀಳದು. ತಂತಿ ತುಂಡಾದರೆ ವೋಲ್ಟ್ ಪೂರ್ತಿ ೫ಕ್ಕೆ ಏರುವುದರಿಂದ ಪೆಟ್ಟಿಗೆಯು ಅದನ್ನು ಕಡುಚಳಿಯೆಂದು ಗ್ರಹಿಸುತ್ತದೆ.

ಎರಡನೆಯ ಪರೀಕ್ಷೆ ದೋಷದ ಸ್ಥಳವನ್ನು ತೋರಿಸುತ್ತದೆ. ಸಂವೇದಕದ ಕಪ್ಲರನ್ನು ಬಿಚ್ಚಿ, ತಂತಿಗಳ ಕಡೆಯ ಎರಡು ತುದಿಗಳನ್ನು ಸಣ್ಣ ತಂತಿಯಿಂದ ಕ್ಷಣಕಾಲ ಜೋಡಿಸಬೇಕು. ಆಗ ಅಂಕಿ ಮೈನಸ್ ೪೦ನ್ನು ಬಿಟ್ಟು ನೂರು ಡಿಗ್ರಿಗೂ ಮೇಲಕ್ಕೆ ಜಿಗಿದರೆ, ತಂತಿಗಳೂ ಪೆಟ್ಟಿಗೆಯೂ ಸರಿಯಾಗಿವೆ; ದೋಷ ಸಂವೇದಕದಲ್ಲಿದೆ. ಅಂಕಿ ಅಲುಗದಿದ್ದರೆ ಹೊಸ ಸಂವೇದಕವನ್ನು ತಂದು ಪ್ರಯೋಜನವಿಲ್ಲ. ತಂತಿಯ ದಾರಿಯನ್ನು ಹುಡುಕಬೇಕು. ಕೊನೆಯಲ್ಲಿ ಮಲ್ಟಿಮೀಟರಿನಿಂದ ಸಂವೇದಕದ ರೋಧವನ್ನು ತಣ್ಣೀರಿನಲ್ಲಿಯೂ ಬಿಸಿನೀರಿನಲ್ಲಿಯೂ ಅಳೆದು ಕೈಪಿಡಿಯ ಅಂಕಿಗಳೊಡನೆ ಹೋಲಿಸಿದರೆ ಸಂಶಯಕ್ಕೆ ಎಡೆಯಿರದು. ಈ ಅಳತೆಗಳಿಗೆ ಡಿಜಿಟಲ್ ಮೀಟರನ್ನೇ ಬಳಸಬೇಕು. ಬಲ್ಬು ಹಚ್ಚಿ ನೋಡುವ ಹಳೆಯ ಪದ್ಧತಿಯಲ್ಲಿ ಹೆಚ್ಚು ವಿದ್ಯುತ್ತು ಹರಿದು ಪೆಟ್ಟಿಗೆಯೇ ಸುಡುವ ಅಪಾಯವುಂಟು.

ಆಮ್ಲಜನಕ ಸಂವೇದಕದ ಸಂಗತಿ ಇನ್ನೂ ಸೂಕ್ಷ್ಮವಾದುದು. ಅದು ೦.೧ ವೋಲ್ಟಿನಲ್ಲಿಯೇ ನಿಂತು, ಗಾಳಿ ಹೆಚ್ಚಾಗಿದೆ ಎಂದು ಪದೇ ಪದೇ ಹೇಳುತ್ತಿದ್ದರೆ ಅದನ್ನೇ ದೂಷಿಸುವವರು ಉಂಟು. ಆದರೆ ಗಾಳಿ ನಿಜವಾಗಿಯೂ ಹೆಚ್ಚಾಗಿರಬಹುದು. ವರ್ಷಗಳ ಶಾಖಕ್ಕೆ ಬಿರುಕುಬಿಟ್ಟ ರಬ್ಬರು ನಳಿಗೆಯೊಂದು ಕಳ್ಳದಾರಿಯಿಂದ ಗಾಳಿಯನ್ನು ಒಳಗೆ ಎಳೆಯುತ್ತಿರಬಹುದು. ಪೆಟ್ರೋಲಿನ ಪಂಪು ದುರ್ಬಲವಾಗಿರಬಹುದು. ಸಂವೇದಕದ ಮುಂದೆ ಹೊಗೆಯ ಕೊಳವೆ ಸೀಳಿ ಹೊರಗಿನ ಗಾಳಿ ಸೇರುತ್ತಿರಬಹುದು. ಇವನ್ನೆಲ್ಲ ನೋಡಿದ ಬಳಿಕ ಬೇರೆ ಎಂಜಿನುಗಳಲ್ಲಿ ಗಾಳಿ ಹೆಚ್ಚಿದ್ದಾಗ, ಕಡಿಮೆಯಿದ್ದಾಗ ತೂಗಬೇಕಾದ ಅಂಕಿ ಇಲ್ಲಿ ಏತಕ್ಕೂ ಅಲುಗದಿದ್ದರೆ ಮಾತ್ರ ಸಂವೇದಕವನ್ನು ಸಂಶಯಿಸಬೇಕು. ನಿಜ ಹೇಳಿದ ಸಾಕ್ಷಿಯನ್ನು ಕಿತ್ತೆಸೆದರೆ ನಳಿಗೆಯ ಬಿರುಕು ಮುಚ್ಚುವುದಿಲ್ಲ. ಹೊಸ ಸಾಕ್ಷಿಯೂ ಅದನ್ನೇ ಹೇಳುತ್ತದೆ.

ತಂಪಾಗಿದ್ದಾಗ ಚೆನ್ನಾಗಿ ಓಡಿ, ಬಿಸಿಯಾದ ಕೂಡಲೆ ನಿಂತು, ಅರ್ಧ ತಾಸು ಕಳೆದ ಮೇಲೆ ಏನೂ ಆಗದಂತೆ ಮತ್ತೆ ಚಾಲೂ ಆಗುವ ಎಂಜಿನು ಒಡೆಯನನ್ನು ಬಹಳ ಕಾಡುತ್ತದೆ. ಕ್ರ್ಯಾಂಕ್ ಸಂವೇದಕದ ಕೂದಲೆಳೆಯಂತಹ ಸುರುಳಿತಂತಿ ಒಳಗೆ ಮುರಿದಿದ್ದರೆ ಹೀಗಾಗುವ ಸಂಭವವಿದೆ. ಶಾಖಕ್ಕೆ ಹಿಗ್ಗಿದಾಗ ಮುರಿದ ತುದಿಗಳು ದೂರ ಸರಿಯುತ್ತವೆ, ತಣಿದಾಗ ಕೂಡಿಕೊಳ್ಳುತ್ತವೆ. ಗ್ಯಾರೇಜಿಗೆ ತಲುಪುವಷ್ಟರಲ್ಲಿ ಕಾರು ತಣಿದಿರುವುದರಿಂದ ದೋಷ ಅಡಗಿಬಿಡುತ್ತದೆ. ಆದುದರಿಂದ ನಿಂತ ಸ್ಥಳದಲ್ಲಿ, ಬಿಸಿಯಾಗಿರುವಾಗಲೇ ಅದರ ರೋಧವನ್ನು ಅಳೆಯಬೇಕು. ಸೆಲ್ಫ್ ಹೊಡೆಯುವಾಗ ಎಂಜಿನಿನ ಸುತ್ತುಗಳ ಅಂಕಿ ಸೊನ್ನೆಯಾಗಿಯೇ ಇದ್ದರೆ ಅದೂ ಒಂದು ಸುಳಿವು. ಕೆಲವೊಮ್ಮೆ ಸಂವೇದಕದ ಕಾಂತತುದಿಗೆ ಕಬ್ಬಿಣದ ಪುಡಿ ಅಂಟಿರುತ್ತದೆ. ಒರೆಸಿದರೆ ಸಾಕು, ಹೊಸದು ಬೇಕಾಗುವುದಿಲ್ಲ.

ಊರಿನ ಪರಿಸರವನ್ನೂ ಪರೀಕ್ಷಕನು ಮರೆಯಬಾರದು. ಹೊಲಗದ್ದೆಗಳ ನಡುವೆ ನಿಂತ ಕಾರಿನ ಬೆಚ್ಚಗಿನ ಎಂಜಿನಿನಲ್ಲಿ ಇಲಿಗಳು ಆಶ್ರಯ ಪಡೆದು ತಂತಿಗಳನ್ನು ಕಡಿಯುತ್ತವೆ. ಕೃಷ್ಣಾ ನದಿಯು ೨೦೦೫, ೨೦೧೯ ಮತ್ತು ೨೦೨೧ರಲ್ಲಿ ಉಕ್ಕಿ ಈ ಭಾಗವನ್ನು ಕಾಡಿತು. ಪ್ರವಾಹದ ನೀರು ನಿಂತ ಕಾರಿನಲ್ಲಿ ಕಪ್ಲರುಗಳ ತಾಮ್ರಕ್ಕೆ ಹಸಿರು ಕಿಲುಬು ಹಿಡಿಯುತ್ತದೆ. ಅದರ ಫಲ ತಿಂಗಳುಗಳ ಬಳಿಕ ಕಾಣಬಹುದು. ಕಪ್ಲರನ್ನು ಬಿಚ್ಚಿ, ವಿದ್ಯುತ್ ಸಂಪರ್ಕಗಳಿಗೆಂದೇ ದೊರೆಯುವ ದ್ರಾವಣದಿಂದ ತೊಳೆದು, ಒಣಗಿಸಿ ಸಿಕ್ಕಿಸಿದರೆ ಎಷ್ಟೋ ‘ಕೆಟ್ಟ’ ಸಂವೇದಕಗಳು ಸರಿಹೋಗುತ್ತವೆ. ಆದ್ದರಿಂದ ಕಣ್ಣಿನ ತಪಾಸಣೆಯೇ ಮೊದಲ ಮೀಟರು.

ಇಷ್ಟಾದ ಬಳಿಕ ಸಂವೇದಕವೇ ಕೆಟ್ಟಿದೆಯೆಂದು ಖಚಿತವಾದರೆ ಬದಲಾವಣೆ ಸುಲಭ. ಆದರೆ ಅದಕ್ಕೂ ನಿಯಮಗಳಿವೆ. ಕೀಲಿಯನ್ನು ತೆಗೆದು, ಬ್ಯಾಟರಿಯ ಋಣ ತುದಿಯನ್ನು ಬಿಚ್ಚಬೇಕು. ನೀರಿನ ಸಂವೇದಕವನ್ನು ಎಂಜಿನು ಪೂರ್ತಿ ತಣಿಯುವವರೆಗೆ ಮುಟ್ಟಬಾರದು. ಒತ್ತಡದಲ್ಲಿರುವ ಆ ನೀರು ನೂರು ಡಿಗ್ರಿಗಿಂತ ಹೆಚ್ಚು ಕಾದಿರಬಹುದಾದ್ದರಿಂದ ಚಿಮ್ಮಿ ಮುಖ, ಕೈಗಳನ್ನು ಸುಡುತ್ತದೆ. ಆಮ್ಲಜನಕ ಸಂವೇದಕವನ್ನಾದರೋ ಉಗುರುಬೆಚ್ಚಗಿರುವಾಗ, ತುಕ್ಕು ಬಿಡಿಸುವ ಎಣ್ಣೆಯನ್ನು ಬಿಟ್ಟು, ತಂತಿಗೆ ಸೀಳಿರುವ ಪಾನಾದಿಂದ ಬಿಚ್ಚುವುದು ಲೇಸು. ಹೊಸದರ ಭಾಗಸಂಖ್ಯೆ ಹಳೆಯದರ ಸಂಖ್ಯೆಯೊಡನೆ ಕೂಡಬೇಕು. ಆಕಾರ ಒಂದೇ ಆಗಿದ್ದರೂ ಒಳಗಿನ ರೋಧ ಬೇರೆಯಾಗಿದ್ದರೆ ಅದು ಸುಳ್ಳು ಸುದ್ದಿಯನ್ನೇ ಕೊಡುತ್ತದೆ. ತಿರುಪನ್ನು ಮೊದಲು ಕೈಯಿಂದಲೇ ಕೂರಿಸಿ, ಅನಂತರ ಗೊತ್ತಾದಷ್ಟೇ ಬಿಗಿಮಾಡಬೇಕು. ಅಲ್ಯುಮಿನಿಯಮ್ಮಿನ ಹರಳೆಳೆಗಳು ಅತಿಬಲಕ್ಕೆ ಕಿತ್ತುಹೋಗುತ್ತವೆ. ಆಮ್ಲಜನಕ ಸಂವೇದಕದ ತುದಿಗೆ ಎಣ್ಣೆ, ಗ್ರೀಸು ತಾಗಬಾರದು.

ಕೆಲಸ ಇಲ್ಲಿಗೆ ಮುಗಿಯಲಿಲ್ಲ. ದೋಷದ ಸಂಖ್ಯೆಯನ್ನು ಅಳಿಸಿ, ಕಾರನ್ನು ತಂಪಾಗಿರುವಾಗಲೂ ಬಿಸಿಯಾದಾಗಲೂ ಓಡಿಸಿ, ಹಿಂದೆ ಅಳೆದ ಅಂಕಿಗಳನ್ನು ಮತ್ತೆ ಅಳೆಯಬೇಕು. ದೀಪ ಆರಿತೆಂಬುದಷ್ಟೇ ಗುಣವಾದುದರ ಗುರುತಲ್ಲ. ಸಂಖ್ಯೆಯನ್ನು ಅಳಿಸಿದರೆ ದೋಷವಿದ್ದರೂ ದೀಪ ಸ್ವಲ್ಪ ಕಾಲ ಆರಿರುತ್ತದೆ. ಮೊದಲು ಕಂಡ ಲಕ್ಷಣ ಮರೆಯಾಗಿ, ಅಳತೆಗಳು ಕೈಪಿಡಿಗೆ ಹೊಂದಿದಾಗ ಮಾತ್ರ ಕಾರು ನಂಬಿಕೆಗೆ ಅರ್ಹವಾಗುತ್ತದೆ.

ಓಮನ ನಿಯಮ, ಫ್ಯಾರಡೆಯ ಸುರುಳಿ, ಶಾಖಕ್ಕೆ ವಸ್ತುಗಳು ಹಿಗ್ಗುವ ಗುಣ ಇವೆಲ್ಲವೂ ಶಾಲೆಯ ವಿಜ್ಞಾನ ಪುಸ್ತಕಗಳಲ್ಲಿ ಬರುವ ವಿಷಯಗಳೇ. ಎಣ್ಣೆ ಮೆತ್ತಿದ ಕೈಗಳಲ್ಲಿ ಮೀಟರನ್ನು ಹಿಡಿದು, ಅಂಕಿಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು, ಒಂದೊಂದೇ ಕಾರಣವನ್ನು ತಳ್ಳಿಹಾಕುತ್ತ ಮುಂದುವರಿಯುವ ಮೆಕ್ಯಾನಿಕನು ಪ್ರಯೋಗಶಾಲೆಯ ವಿಜ್ಞಾನಿಯ ಹಾದಿಯಲ್ಲಿಯೇ ನಡೆಯುತ್ತಾನೆ. ಅವನ ತಾಳ್ಮೆಯಿಂದ ರೈತನ ದುಡಿಮೆಯ ಹಣ ಉಳಿಯುತ್ತದೆ, ಊರಿನ ಗಾಳಿ ಅಷ್ಟರ ಮಟ್ಟಿಗೆ ಶುದ್ಧವಾಗುತ್ತದೆ, ರೋಗಿಯನ್ನು ಹೊತ್ತ ಕಾರು ಮೀರಜಿನ ದಾರಿಯಲ್ಲಿ ನಿಲ್ಲದೆ ಸಾಗುತ್ತದೆ.